ಸೋಮವಾರದ ನೀರು

ಕಾಲುವೆಯ ನೀರನ್ನು ಬಾಟಲಿಗೆ ತುಂಬುವಾಗ ಗಾಳಿಗುಳ್ಳೆ ಒಳಗೆ ಹೋಗಬಾರದು. ಬಾಟಲಿಯನ್ನು ಓರೆಯಾಗಿ ಮುಳುಗಿಸಿ, ನೀರಿನೊಳಗೇ ಮುಚ್ಚಳ ಹಾಕಿ, ಮೇಲೆತ್ತಿ ತಲೆಕೆಳಗು ಮಾಡಿ ನೋಡಬೇಕು. ಗುಳ್ಳೆ ಕಂಡರೆ ಚೆಲ್ಲಿ ಮತ್ತೆ ತುಂಬಬೇಕು. ಆಮೇಲೆ ಎರಡು ದ್ರಾವಣಗಳನ್ನು ಒಂದಾದ ಮೇಲೊಂದು ಬಿಟ್ಟು ಅಲುಗಿಸಿದರೆ, ಆ ನೀರಿನಲ್ಲಿ ಆಮ್ಲಜನಕ ಇದೆಯೋ ಇಲ್ಲವೋ ಅಲ್ಲೇ ಗೊತ್ತಾಗುತ್ತದೆ. ಇದ್ದರೆ ತಳದಲ್ಲಿ ಕಂದು ಗಸಿ ಕೂರುತ್ತದೆ. ಇಲ್ಲದಿದ್ದರೆ ಗಸಿ ಬಿಳಿ. ಆ ಮಳೆಗಾಲದ ಮೊದಲ ನಾಲ್ಕು ಸೋಮವಾರವೂ ಪಾರ್ಕಿನ ಪಕ್ಕದ ಬಾಟಲಿಯಲ್ಲಿ ನನಗೆ ಸಿಕ್ಕಿದ್ದು ಬಿಳಿ.

ಮಾಗಡಿ ರಸ್ತೆಯಿಂದ ಒಳಗೆ ಸರಿದ ಒಂದು ಬಡಾವಣೆ ಅದು. ಅದರ ತಗ್ಗಿನಲ್ಲಿ ಒಂದು ಸಣ್ಣ ಕೆರೆ. ಬೇಸಿಗೆ ಮುಗಿಯುವ ಹೊತ್ತಿಗೆ ಕೆರೆ ಹಸಿರು ಬಣ್ಣ ಕದಡಿದ ಹಾಗಾಗಿತ್ತು. ಬೆಳಗಿನ ಜಾವ ಮೀನುಗಳು ಮೇಲೆ ಬಂದು ಬಾಯಿ ತೆರೆಯುತ್ತಿದ್ದವು. ಕೆರೆಗೆ ಬಂದು ಸೇರುವ ಕಾಲುವೆಗಳಲ್ಲಿ ಯಾವುದು ಏನನ್ನು ತರುತ್ತಿದೆ ಎಂದು ನೋಡುವುದು ನಮ್ಮ ತಂಡದ ಕೆಲಸ. ಕೆಲಸಕ್ಕೆ ಹೊಸಬಳಾದ ನನಗೆ ಎಲ್ಲಕ್ಕಿಂತ ಸಣ್ಣದನ್ನು ಕೊಟ್ಟರು. ಅದಕ್ಕೆ ಒಳಚರಂಡಿಯ ಸಂಪರ್ಕವಿರಲಿಲ್ಲ. ಮಳೆಯ ನೀರು, ಮನೆ ಮುಂದೆ ತೊಳೆದ ನೀರು, ಪಾರ್ಕಿನಿಂದ ಇಳಿದು ಬರುವ ನೀರು, ಇಷ್ಟೇ. ಪಾರ್ಕಿಗೆ ಮುಂಚೆ ಒಂದು, ಪಾರ್ಕು ಮುಗಿಯುವಲ್ಲಿ ಒಂದು, ಕೆರೆಯ ಬಾಯಲ್ಲಿ ಒಂದು, ಹೀಗೆ ಮೂರು ಜಾಗ ಗುರುತು ಮಾಡಿಕೊಂಡೆ. ಪ್ರಯೋಗಾಲಯದವರು ನಮ್ಮ ಬಾಟಲಿಗಳನ್ನು ತೆಗೆದುಕೊಳ್ಳುತ್ತಿದ್ದುದು ಸೋಮವಾರ ಮಧ್ಯಾಹ್ನದೊಳಗೆ ಮಾತ್ರ. ಹಾಗಾಗಿ ರಾಜಾಜಿನಗರದಿಂದ ಬಸ್ಸು ಹಿಡಿದು, ಸುಂಕದಕಟ್ಟೆಯಲ್ಲಿ ಇನ್ನೊಂದಕ್ಕೆ ಹತ್ತಿ, ಪ್ರತಿ ಸೋಮವಾರ ಒಂಬತ್ತಕ್ಕೆ ಅಲ್ಲಿರುತ್ತಿದ್ದೆ.

ಮೊದಲ ಜಾಗದ ನೀರು ಸಾಧಾರಣವಾಗಿತ್ತು. ಎರಡನೆಯದರಲ್ಲಿ ಗಸಿ ಬಿಳಿ, ರಸಗೊಬ್ಬರದಲ್ಲಿರುವ ಫಾಸ್ಫೇಟನ್ನು ತೋರಿಸುವ ಪರೀಕ್ಷೆಯ ನೀಲಿ ಬಣ್ಣ ಹೋಲಿಕೆಯ ಪಟ್ಟಿಯ ಕೊನೆಯ ಮನೆಯನ್ನೂ ಮೀರಿತ್ತು. ಎರಡರ ನಡುವೆ ಇದ್ದದ್ದು ಪಾರ್ಕಿನ ಲಾನ್ ಒಂದೇ. ಸುತ್ತ ಮೊಣಕಾಲೆತ್ತರದ ಕಂಬಿ ಬೇಲಿ, 'ಹುಲ್ಲಿನ ಮೇಲೆ ನಡೆಯಬಾರದು' ಎಂಬ ಫಲಕ, ಕಾಲುವೆಯ ಕಡೆಗೆ ಇಳಿಜಾರು. ಮೂಲೆಯಲ್ಲಿ ಬಡಾವಣೆಯವರೇ ಕಟ್ಟಿಸಿದ ಪುಟ್ಟ ಈಶ್ವರನ ಗುಡಿ. ನನ್ನ ನಕ್ಷೆಯಲ್ಲಿ ಲಾನಿಗೆ ಒಂದು ಸಂಖ್ಯೆ ಕೊಟ್ಟೆ, ಗುಡಿಯನ್ನು ಬರೀ ಒಂದು ಚೌಕವಾಗಿ ಬರೆದೆ.

ನಾಲ್ಕನೆಯ ಸೋಮವಾರ ಪಂಪಿನ ಕೋಣೆಯ ಬಾಗಿಲು ತೆರೆದಿತ್ತು. ಕಂಟ್ರಾಕ್ಟರ್ ಕಡೆಯಿಂದ ಬಂದ ಪಾರ್ಕಿನ ಮಾಲಿ ಮತ್ತು ಅವರ ಹೆಂಡತಿ ಅದಕ್ಕೆ ಅಂಟಿಕೊಂಡ ಒಂದು ಕೋಣೆಯಲ್ಲಿ ಇದ್ದರು. ಯಾದಗಿರಿ ಕಡೆಯವರು. ಹೆಂಡತಿ ಬಡಾವಣೆಯ ನಾಲ್ಕಾರು ಮನೆಗಳಲ್ಲಿ ಪಾತ್ರೆ ತೊಳೆಯುತ್ತಿದ್ದರು. ಪಂಪಿನ ಪಕ್ಕ ಗೋಡೆಗೆ ಒರಗಿಸಿದ ಒಂದು ರಸಗೊಬ್ಬರದ ಚೀಲ ಕಂಡಿತು. ಫೋಟೊ ತೆಗೆದುಕೊಂಡೆ.

ಆ ವಾರ ನನ್ನ ಮೇಲ್ವಿಚಾರಕಿ, ನಿವಾಸಿಗಳ ಸಂಘಕ್ಕೆ ಅರ್ಧ ಪುಟದ ಟಿಪ್ಪಣಿ ಕಳಿಸು ಎಂದರು. ಅವರ ಅನುಮತಿಯಿಂದ ಕೆಲಸ ಮಾಡುತ್ತಿದ್ದೇವೆ, ಸೌಜನ್ಯಕ್ಕಾದರೂ ತಿಳಿಸಬೇಕು. ಕಾಲುವೆಯ ಮಾಲಿನ್ಯಕ್ಕೆ ಹುಲ್ಲುಹಾಸಿಗೆ ಬಳಸುವ ಗೊಬ್ಬರ ಕಾರಣವಿರಬಹುದು ಎಂದು ಬರೆದು, ಫೋಟೊ ಲಗತ್ತಿಸಿ ಕಳಿಸಿದೆ. ಸಂಘದ ಕಾರ್ಯದರ್ಶಿ, ನಿವೃತ್ತ ಅಧ್ಯಾಪಕರು, ಅದನ್ನು ಎರಡು ಸಾಲಿಗೆ ಇಳಿಸಿ ಬಡಾವಣೆಯ ವಾಟ್ಸಾಪ್ ಗುಂಪಿಗೆ ಹಾಕಿದರು. ಫೋಟೊ ಹಾಗೇ ಹೋಯಿತು.

ಮುಂದಿನ ಸೋಮವಾರದ ಹೊತ್ತಿಗೆ ಲಾನ್ ಬೇರೆಯಾಗಿ ಕಾಣುತ್ತಿತ್ತು. ಹಿಂದಿನ ವಾರದವರೆಗೆ ಕಾಲುವೆಯ ಅಂಚಿನಲ್ಲಿ ಎರಡಡಿ ಅಗಲಕ್ಕೆ ಹುಲ್ಲನ್ನು ಕತ್ತರಿಸದೆ ಬಿಟ್ಟಿದ್ದ ಒಂದು ಪಟ್ಟಿಯಿತ್ತು. ಅದನ್ನೂ ನುಣ್ಣಗೆ ಬೋಳಿಸಿದ್ದರು. ನಾನು ಬಾಟಲಿ ಮುಳುಗಿಸುತ್ತಿದ್ದಾಗ ಮಾಲಿ ಬಂದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕುಳಿತರು. ಬಾಟಲಿಗೆ ಮುಚ್ಚಳ ಬೀಳುವವರೆಗೆ ಕಾದರು.

"ಮೇಡಮ್ಮಾರ, ಒಂದ್ ಮಾತ್ ಕೇಳ್ಲಿರಿ?"

"ಕೇಳಿ."

"ಈ ತಿಂಗಳ ಕಡೀಕ ಖೋಲಿ ಖಾಲಿ ಮಾಡು ಅಂದಾರ್ರಿ. ಬ್ಯಾರೆ ಮಾಲಿ ಬರ್ತಾನಂತ. ನಿಮ್ಮ ಕಾಗದದಾಗ ನನ್ನ ಹೆಸರು ಬರದೀರೇನ್ರಿ?"

"ಹೆಸರು ಬರ್ದಿಲ್ಲ. ಗೊಬ್ಬರ ಅಂತ ಬರ್ದಿದೀನಿ."

"ಗೊಬ್ಬರ ಅಂದ್ರ ನಾನ ಆದ್ನಲ್ರಿ. ಇಲ್ಲಿ ಮತ್ಯಾರು ಹಾಕ್ತಾರ?"

ಚೀಲ ನೋಡಿ ಬರೆದೆ ಎಂದೆ. ಅವರು ಎದ್ದುಹೋಗಿ ಅದನ್ನು ಎಳೆದು ತಂದು ನನ್ನ ಮುಂದೆ ಬೋರಲು ಹಾಕಿದರು. ಒಣಗಿದ ಹೊಂಗೆ ಎಲೆ.

"ಗೊಬ್ಬರದ ಚೀಲ ಗಟ್ಟಿ ಇರ್ತಾವ್ರಿ. ಎಲಿ ತುಂಬಾಕ ಅಂತ ನರ್ಸರ್‍ಯಾಗ ಬೇಡಿ ತಂದೀನಿ. ಹೋದ ವರ್ಷ ಸಂಘದವ್ರ ಕೊಟ್ಟಿದ್ರು, ಹಾಕಿದ್ದೆ. ಈ ವರ್ಷ ಒಂದ್ ಮುಷ್ಟಿ ಹಾಕಿಲ್ರಿ."

ನಮ್ಮ ಮನೆಯಲ್ಲಿ ಅಕ್ಕಿಯ ಚೀಲದಲ್ಲಿ ತೆಂಗಿನ ಸಿಪ್ಪೆ ಇರುತ್ತದೆ, ಸಿಮೆಂಟಿನ ಚೀಲದಲ್ಲಿ ಹಳೆಯ ಚಪ್ಪಲಿಗಳಿರುತ್ತವೆ. ಚೀಲದ ಮೇಲೆ ಅಚ್ಚಾದದ್ದನ್ನು ನಂಬುವವರು ನಮ್ಮಲ್ಲಿ ಯಾರೂ ಇಲ್ಲ. ಆದರೂ ನಾನು ಆ ಚೀಲವನ್ನು ಮುಟ್ಟಿ ನೋಡಿರಲಿಲ್ಲ. ಗಾಳಿಗುಳ್ಳೆಗಾಗಿ ಬಾಟಲಿಯನ್ನು ಮೂರು ಸಲ ಚೆಲ್ಲಿ ತುಂಬುವವಳು ನಾನು.

ಆ ದಿನದ ಗಸಿಯೂ ಬಿಳಿಯಾಗಿತ್ತು. ಗೊಬ್ಬರ ಅಲ್ಲದಿದ್ದರೆ ಇನ್ನೇನು? ಐದು ವಾರಗಳ ಹಾಳೆಗಳನ್ನು ಮೇಜಿನ ಮೇಲೆ ಸಾಲಾಗಿ ಹರಡಿದಾಗ ಒಂದು ಸಂಗತಿ ಮಾತ್ರ ಕಂಡಿತು. ಎಲ್ಲ ಹಾಳೆಯ ತಲೆಯಲ್ಲೂ ಸೋಮವಾರ, ಒಂಬತ್ತು ಗಂಟೆ. ವಾರದ ಉಳಿದ ಆರು ದಿನ ಈ ಕಾಲುವೆಯಲ್ಲಿ ಏನು ಹರಿಯುತ್ತದೆ ಎಂದು ನಾನು ಒಮ್ಮೆಯೂ ನೋಡಿರಲಿಲ್ಲ.

ಒಂದು ವಾರ ದಿನವೂ ಹೋಗುತ್ತೇನೆ ಎಂದಾಗ ಮೇಲ್ವಿಚಾರಕಿ ಬೇಡವೆನ್ನಲಿಲ್ಲ. ಪ್ರಯೋಗಾಲಯ ಹೆಚ್ಚಿನ ಬಾಟಲಿ ತೆಗೆದುಕೊಳ್ಳುವುದಿಲ್ಲ, ನೀನೇ ಮಾಡಿಕೋ ಎಂದರು. ಬೆಳಿಗ್ಗೆ ನೀರು ತರುವುದು, ಮಧ್ಯಾಹ್ನ ಕಚೇರಿಯ ಹಿಂದಿನ ಕೋಣೆಯಲ್ಲಿ ದ್ರಾವಣವನ್ನು ಹನಿ ಹನಿಯಾಗಿ ಬಿಟ್ಟು ಆಮ್ಲಜನಕದ ಲೆಕ್ಕ ಹಾಕುವುದು, ಬಾಟಲಿ ತೊಳೆದು ಒಣಗಿಸುವುದು. ರಬ್ಬರ್ ಕೈಗವಸಿನ ವಾಸನೆ ಊಟದ ತಟ್ಟೆಯವರೆಗೆ ಬರುತ್ತಿತ್ತು. ಮಂಗಳವಾರದ ಗಸಿ ತೆಳು ಕಂದು. ಬುಧವಾರ ಕಂದು. ಗುರುವಾರ ಮಳೆಯಲ್ಲಿ ನೆನೆದುಕೊಂಡು ತುಂಬಿದೆ, ಆಗಲೂ ಕಂದು. ಅಂದು ಊಟ ತಲುಪಿಸುವ ಹುಡುಗರಿಬ್ಬರು ಬೈಕ್ ನಿಲ್ಲಿಸಿ ಮರದ ಕೆಳಗೆ ನಿಂತಿದ್ದರು.

"ಮೇಡಂ, ಚಿನ್ನ ಗಿನ್ನ ಸಿಗುತ್ತಾ ಅಲ್ಲಿ?" ಎಂದ ಒಬ್ಬ.

"ಸಿಕ್ಕಿದ್ರೆ ನಿಂಗೇನಕ್ ಹೇಳ್ತಾರೆ ಗುರು," ಎಂದ ಇನ್ನೊಬ್ಬ.

ಶುಕ್ರವಾರ ಕಂದು. ಶನಿವಾರ, ಭಾನುವಾರ ಸ್ವಲ್ಪ ಮಾಸಲು. ಸೋಮವಾರ ಒಂಬತ್ತರವರೆಗೆ ಕಾಯಬಾರದು ಎಂದು ತೀರ್ಮಾನಿಸಿ, ಮೊದಲ ಬಸ್ಸಿಗೆ ಹೊರಟು ಆರೂವರೆಗೆ ಪಾರ್ಕಿನ ಕಲ್ಲುಬೆಂಚಿನ ಮೇಲೆ ಕುಳಿತೆ.

ಗುಡಿಯಲ್ಲಿ ಘಂಟೆ ಬಾರಿಸುತ್ತಿತ್ತು. ಸೋಮವಾರದ ಅಭಿಷೇಕ. ಒಬ್ಬೊಬ್ಬರಾಗಿ ಹಾಲಿನ ಪೊಟ್ಟಣ ಹಿಡಿದು ಒಳಗೆ ಹೋಗುತ್ತಿದ್ದರು. ಏಳೂಕಾಲಿಗೆ ಅರ್ಚಕರು ಪಕ್ಕದ ಬಾಗಿಲಿಂದ ಸ್ಟೀಲಿನ ಬಕೆಟ್ಟೊಂದನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಬಂದರು. ಬೇಲಿಯ ಮೇಲೆ ಬಗ್ಗಿ ಲಾನಿನ ಮೂಲೆಗೆ ಸುರಿದು, ಕೈಮುಗಿದರು. ಒಳಗೆ ಹೋಗಿ ಇನ್ನೊಂದು ತಂದರು. ಹಾಲು, ಮೊಸರು, ತುಪ್ಪ, ಜೇನು, ಸಕ್ಕರೆ, ಬಾಳೆಹಣ್ಣು. ಅವರು ಮೂರನೆಯ ಬಕೆಟ್ಟಿಗೆ ಹೋಗುವ ಮುಂಚೆ ನಾನು ಎದ್ದು ಹತ್ತಿರ ಹೋದೆ.

"ಸ್ವಾಮಿ, ಇದನ್ನ ಇಲ್ಲೇ ಯಾಕೆ ಹಾಕ್ತೀರಿ?"

"ಮತ್ತೆಲ್ಲಿ ಹಾಕ್ಲಮ್ಮ? ಅಭಿಷೇಕದ್ದು ಕಾಲಡಿಗೆ ಸಿಗ್ಬಾರ್ದು. ಮೋರಿಗೆ ಬಿಡೋ ಹಾಗಿಲ್ಲ. ಮುಂಚೆ ಹಿಂದುಗಡೆ ಖಾಲಿ ಸೈಟಿತ್ತು, ಬಾಳೆಗಿಡ ಇತ್ತು. ಈಗ ಅಲ್ಲಿ ಮನೆ ಎದ್ದಿದೆ. ಇಡೀ ಬಡಾವಣೇಲಿ ಯಾರೂ ತುಳೀದೆ ಇರೋ ನೆಲ ಅಂದ್ರೆ ಇದೊಂದೇ." ಅವರು ಫಲಕದ ಕಡೆ ಗಲ್ಲ ತೋರಿಸಿದರು. "ಬೋರ್ಡೇ ಹಾಕಿದಾರಲ್ಲ."

ನಾನು ಒಂದು ಸಣ್ಣ ಬಾಟಲಿಯಷ್ಟು ಕೇಳಿದೆ. ಕೊಟ್ಟರು.

"ಇದಕ್ಕೇನ್ ಮಾಡ್ತೀರಿ?"

"ಪರೀಕ್ಷೆಗೆ. ಔಷಧಿ ಹಾಕಿ ನೋಡ್ತೀನಿ."

"ಆಮೇಲೆ?"

"ಆಮೇಲೆ ಚೆಲ್ಲಿಬಿಡ್ತೀವಿ."

ಅವರು ಬಕೆಟ್ಟನ್ನು ಕೈ ಬದಲಿಸಿಕೊಂಡರು. "ಚೆಲ್ಲಿ. ಕಾಲಿಗೆ ಸಿಗದ ಹಾಗೆ ಚೆಲ್ಲಿ."

ಅವರು ಹೋದ ಮೇಲೂ ನಾನು ಕುಳಿತೇ ಇದ್ದೆ. ವಾಕಿಂಗಿಗೆ ಬಂದ ಹೆಂಗಸೊಬ್ಬರು ಚೀಲದಿಂದ ಡಬ್ಬಿ ತೆಗೆದು, ಹಿಂದಿನ ದಿನದ ಅನ್ನ, ಸಾರು, ಹುಳಿಬಂದ ದೋಸೆ ಹಿಟ್ಟು ಎಲ್ಲವನ್ನೂ ಅದೇ ಮೂಲೆಗೆ ಹಾಕಿದರು. ಅವರ ಹಿಂದೆ ಇನ್ನಿಬ್ಬರು. ನಾನು ನೋಡುತ್ತಿರುವುದನ್ನು ಕಂಡು ಮೊದಲನೆಯವರೇ ಮಾತಾಡಿಸಿದರು: "ಅನ್ನ ಕಸಕ್ಕೆ ಹಾಕ್ಬಾರ್ದು ಕಣಮ್ಮ. ಭಾನುವಾರ ಮನೆ ತುಂಬ ಜನ, ಜಾಸ್ತಿ ಮಾಡಿರ್ತೀವಿ, ಮಿಗುತ್ತೆ. ಇಲ್ಲಾದ್ರೆ ಹುಲ್ಲಿಗೂ ಒಳ್ಳೇದು."

ಎಂಟು ಗಂಟೆಗೆ ಮಾಲಿ ಉದ್ದನೆಯ ಪೈಪು ಎಳೆದು ತಂದು ಆ ಮೂಲೆಯನ್ನು ತೊಳೆಯತೊಡಗಿದರು. ಬಿಳಿಯ ನೀರು ಬೋಳಾದ ಅಂಚನ್ನು ದಾಟಿ ಸೀದಾ ಕಾಲುವೆಗೆ ಇಳಿಯಿತು. ಒಂಬತ್ತಕ್ಕೆ ನಾನು ಬಾಟಲಿ ಮುಳುಗಿಸುವ ಗುಂಡಿಗೆ ಅದು ಕಾಲುವೆಯ ಕೆಸರಿನಲ್ಲಿ ಕಲೆತು, ಬಿಳುಪು ಕಳೆದುಕೊಂಡು ತಲುಪಿತ್ತು. ಹಾಲಿನಲ್ಲೇ ಫಾಸ್ಫೇಟ್ ಇದೆ. ಹಾಲು, ಅನ್ನ, ಸಕ್ಕರೆ ನೀರಿಗೆ ಬಿದ್ದರೆ ಅದನ್ನು ತಿನ್ನುವ ಸೂಕ್ಷ್ಮಜೀವಿಗಳು ಒಮ್ಮೆಲೇ ಹೆಚ್ಚಿ ನೀರಿನ ಆಮ್ಲಜನಕವನ್ನೆಲ್ಲ ಬಳಸಿಬಿಡುತ್ತವೆ. ನನ್ನ ಬಿಳಿ ಗಸಿಗೆ ಬೇರೆ ವಿವರಣೆ ಬೇಕಿರಲಿಲ್ಲ. ಅರ್ಚಕರು ಕೊಟ್ಟದ್ದರಲ್ಲಿ ಒಂದು ಹನಿಯನ್ನು ಒಂದು ಲೋಟ ನೀರಿಗೆ ಬೆರೆಸಿ ನೋಡಿದರೂ ಪಟ್ಟಿಯ ನೀಲಿ ಕೊನೆಯ ಮನೆಯ ಹತ್ತಿರ ಹೋಯಿತು.

ಮಾಲಿಯನ್ನು ಕೇಳಿದೆ, ಇದನ್ನು ನನಗೆ ಯಾಕೆ ಹೇಳಲಿಲ್ಲ ಎಂದು.

"ನೀವು ಗೊಬ್ಬರ ಕೇಳಿದ್ರಿ. ಹಾಲು ಕೇಳ್ಲಿಲ್ಲ." ಪೈಪು ಸುತ್ತುತ್ತಲೇ ಹೇಳಿದರು. "ದೇವರ ಹಾಲಿನ ಮ್ಯಾಲ ನಾ ಬಾಯಿ ತಗದ್ರ ಮರುದಿನ ಎಲ್ಲಿರ್ತೀನ್ರಿ?"

"ತೊಳೀರಿ ಅಂತ ಯಾರು ಹೇಳಿದ್ರು?"

"ಸೆಕ್ರೆಟರಿ ಸಾಹೇಬ್ರು. ಇರುವಿ ಹತ್ತಾವ, ವಾಸ್ನಿ ಬರ್ತದ, ವಾಕಿಂಗ್ ಮಂದಿ ಬೈತಾರ, ತೊಳಿ ಅಂದ್ರು. ತೊಳದೆ. ಅಂಚಿಗೆ ಹುಲ್ಲು ಬಿಟ್ಟಿದ್ನಲ್ರಿ, ಅದರಾಗ ಅರ್ಧ ನಿಂದರ್ತಿತ್ತು. ನಿಮ್ಮ ಕಾಗದ ಬಂದ ಮ್ಯಾಲ, ಅಂಚು ಸ್ವಚ್ಛ ಕಾಣ್ಲಿ ಅಂತ ಅದನ್ನೂ ತಗಸಿದ್ರು." ಪೈಪನ್ನು ಹೆಗಲಿಗೆ ಹಾಕಿಕೊಂಡ ಮೇಲೆ, "ಈಗ ಇದನ್ನೂ ಬರೀತೀರೇನ್ರಿ? ನೀರು ಬಿಟ್ಟಾಂವ ನಾನ ಅಂತ?" ಎಂದರು.

ನಾನು ಬಾಟಲಿಗಳನ್ನು ಪೆಟ್ಟಿಗೆಗೆ ಇಟ್ಟುಕೊಂಡೆ.

ಮೇಲ್ವಿಚಾರಕಿಗೆ ಸಂಜೆ ಎಲ್ಲ ಹೇಳಿದೆ. ಅವರು ನನ್ನ ಹಾಳೆಗಳನ್ನು ಎರಡು ಸಲ ನೋಡಿದರು. "ಕೆಲಸ ಚೆನ್ನಾಗಿದೆ. ಮಳೆಗಾಲ ಮುಗಿದ ಮೇಲೆ ಅಂತಿಮ ವರದಿ ಬರುತ್ತಲ್ಲ, ಅದರಲ್ಲಿ ಸರಿ ಮಾಡಿಬಿಡೋಣ. ಈಗಲೇ ಗುಡಿ, ಅಭಿಷೇಕ ಅಂತ ಹೋದ್ರೆ ಒಳಗೇ ಬಿಡಲ್ಲ ನಿನ್ನ."

"ಅಷ್ಟರಲ್ಲಿ ಮಾಲಿ ಇರಲ್ಲ ಮೇಡಂ. ತಿಂಗಳ ಕೊನೆಗೆ ಕಳಿಸ್ತಾರೆ."

"ಅದು ಅವರ ಸಂಘದ ನಿರ್ಧಾರ. ನಾವು ಕಳಿಸಿ ಅಂತ ಹೇಳಿದ್ವಾ?"

ಹೇಳಿರಲಿಲ್ಲ. ಆ ಮಾತನ್ನು ಹಿಡಿದುಕೊಂಡು ಇರಬಹುದಾಗಿತ್ತು. ಎರಡು ದಿನ ಹಾಗೇ ಇದ್ದೆ ಕೂಡ. ಆ ಎರಡು ದಿನ ಮನೆಯಲ್ಲಿ ಅಮ್ಮ ಮಿಕ್ಕಿದ ಮಜ್ಜಿಗೆಹುಳಿಯನ್ನು ಸಿಂಕಿಗೆ ಸುರಿಯುವುದನ್ನು, ಎಣ್ಣೆ ಬಾಣಲೆಯನ್ನು ಬಿಸಿನೀರು ಬಿಟ್ಟು ತೊಳೆಯುವುದನ್ನು ನೋಡುತ್ತಿದ್ದೆ. ನಾನೂ ಹಾಗೇ ಮಾಡುತ್ತ ಬೆಳೆದವಳು. ಅಕ್ಕಿ ತೊಳೆದ ನೀರಿನಿಂದ ಹಿಡಿದು ಉಳಿದ ಪಾಯಸದವರೆಗೆ, ಕಣ್ಣಿಂದ ಮರೆಯಾದದ್ದು ಮುಗಿಯಿತು ಎಂದುಕೊಂಡಿದ್ದೆವು. ಆ ಬಡಾವಣೆಯವರು ನಮಗಿಂತ ಒಂದು ಹೆಜ್ಜೆ ಮುಂದೆಯೇ ಇದ್ದರು. ಸಿಂಕಿಗೆ ಸುರಿಯದೆ ಗೌರವದಿಂದ ನೆಲಕ್ಕೆ ಒಪ್ಪಿಸುತ್ತಿದ್ದರು. ನೆಲ ಇಳಿಜಾರಾಗಿತ್ತು, ಅಷ್ಟೇ.

ಮೂರನೆಯ ದಿನ ಮೊದಲ ಟಿಪ್ಪಣಿಯನ್ನು ಹಿಂತೆಗೆದುಕೊಳ್ಳುತ್ತಿದ್ದೇನೆ ಎಂದು ಒಂದು ಪುಟ ಬರೆದೆ. ಚೀಲವನ್ನು ಬಿಚ್ಚಿ ನೋಡದೆ ಬರೆದದ್ದು ನನ್ನ ತಪ್ಪು. ಪ್ರತಿ ಸಲವೂ ಸೋಮವಾರವೇ, ಒಂದೇ ಹೊತ್ತಿಗೆ ನೀರು ತೆಗೆದದ್ದು ನನ್ನ ತಪ್ಪು. ಮೂಲ ಅಭಿಷೇಕದ ಹಾಲು ಮತ್ತು ಮನೆಗಳ ಮಿಕ್ಕ ಅಡುಗೆ. ಮಾಲಿ ಅದನ್ನು ನೀರು ಬಿಟ್ಟು ತೊಳೆಯುತ್ತಿದ್ದುದು ಸಂಘದ ಸೂಚನೆಯಂತೆ. ಅಂಚಿನಲ್ಲಿ ಅವರು ಬಿಟ್ಟಿದ್ದ ಹುಲ್ಲು ಕಾಲುವೆಯನ್ನು ಕಾಯುತ್ತಿತ್ತು. ನನ್ನ ಟಿಪ್ಪಣಿಯಿಂದ ಅದು ಹೋಯಿತು. ಕೆಳಗೆ ನನ್ನ ಸಹಿ ಮಾತ್ರ ಹಾಕಿದೆ. ಮೇಲ್ವಿಚಾರಕಿ ಓದಿ, "ಕಳಿಸ್ತೀಯಾದ್ರೆ ಹೋಗಿ ನೀನೇ ಓದು. ವಾಟ್ಸಾಪಿಗೆ ಬಿಡಬೇಡ," ಎಂದರು. ಅದು ಒಳ್ಳೆಯ ಸಲಹೆಯಾಗಿತ್ತು.

ಓದುವ ಮುಂಚೆ ಅರ್ಚಕರಿಗೆ ತಿಳಿಸಬೇಕೆನಿಸಿತು. ಶನಿವಾರ ಹೋಗಿ ಗುಡಿಯ ಜಗಲಿಯಲ್ಲಿ ಕುಳಿತು ಪುಟ ತೋರಿಸಿದೆ. ಕನ್ನಡಕ ಏರಿಸಿ ಕೊನೆಯವರೆಗೆ ಓದಿದರು. ಮಡಚಿ ವಾಪಸು ಕೊಟ್ಟು ಒಳಗೆ ಹೋದರು.

ಭಾನುವಾರ ಬೆಳಿಗ್ಗೆ ಪಾರ್ಕಿನ ಮಂಟಪದಲ್ಲಿ ಸಂಘದ ಸಭೆಗೆ ಇಪ್ಪತ್ತು ಜನ ಸೇರಿದ್ದರು. ನನಗೆ ಜನರ ಮುಂದೆ ಮಾತಾಡಿ ಅಭ್ಯಾಸವಿಲ್ಲ. ಪುಟವನ್ನು ಹಾಗೆಯೇ ಓದಿದೆ. ಮುಗಿದ ಮೇಲೆ ಕಾರ್ಯದರ್ಶಿ ಕೇಳಿದರು:

"ಅಂದ್ರೆ ದೇವರ ಅಭಿಷೇಕದಿಂದ ಕೆರೆ ಹಾಳಾಯ್ತು ಅಂತೀರೇನಮ್ಮ? ಹೋದ ತಿಂಗಳು ಗೊಬ್ಬರ ಅಂದ್ರಿ. ಬರೋ ತಿಂಗಳು ಮತ್ತೇನು?"

"ಹೋದ ತಿಂಗಳು ಹೇಳಿದ್ದು ತಪ್ಪು ಸಾರ್. ಅದನ್ನೇ ಹೇಳೋಕ್ ಬಂದೆ."

ಡಬ್ಬಿಯ ಹೆಂಗಸು ಹಿಂದಿನಿಂದ ಹೇಳಿದರು: "ಅಲ್ಲ ಕಣಮ್ಮ, ಹುಲ್ಲಿಗೆ ಒಳ್ಳೇದು ಅಂತ ನಾವ್ ಹಾಕಿದ್ದು. ಮೊಬೈಲಲ್ಲೇ ತೋರಿಸ್ತಾರೆ, ಮಜ್ಜಿಗೆ ಹಾಕಿದ್ರೆ ಗಿಡ ಹೆಂಗ್ ಬರುತ್ತೆ ಅಂತ."

"ಒಂದು ಕುಂಡಕ್ಕೆ ಒಂದು ಲೋಟ ಆಂಟಿ. ಮೂವತ್ತು ಮನೇದು ಒಂದೇ ಮೂಲೆಗೆ ಬಿದ್ರೆ ಹುಲ್ಲೂ ತಡ್ಕೊಳಲ್ಲ."

ಒಂದಿಬ್ಬರು ಎದ್ದು ನಿಂತು ಮಾತಾಡತೊಡಗಿದರು. ಇದೆಲ್ಲ ಯಾರೋ ಹೇಳಿಕೊಟ್ಟು ಹೇಳಿಸುತ್ತಿರುವುದು ಎಂದರು ಒಬ್ಬರು. ದೊಡ್ಡ ಕಾಲುವೆಯಲ್ಲಿ ಕಕ್ಕಸಿನ ನೀರು ಬರುತ್ತದೆ, ಅದನ್ನು ಮೊದಲು ನಿಲ್ಲಿಸಲಿ ಎಂದರು ಇನ್ನೊಬ್ಬರು. ಅದು ನಿಜವೇ ಆಗಿತ್ತು. ನನ್ನ ಬಳಿ ಓದಲು ಎರಡನೆಯ ಪುಟವಿರಲಿಲ್ಲ. ಕುಳಿತೆ.

ಆಗ ಅರ್ಚಕರು ಕಂಬಕ್ಕೆ ಒರಗಿಯೇ ಮಾತಾಡಿದರು. "ನಾನೊಂದು ಹೇಳ್ತೀನಿ. ದೇವರಿಗೆ ಒಂದು ಉದ್ಧರಣೆ ಹಾಲು ಸಾಕು. ಬಕೆಟ್ಟು ನಿಮ್ಮದು."

ಯಾರೋ ನಕ್ಕರು. ಆಮೇಲೆ ಇನ್ನೂ ಕೆಲವರು.

ಮುಂದಿನ ಅರ್ಧ ಗಂಟೆ ಹಾಲಿನ ಬಗ್ಗೆಯೇ ಹೋಯಿತು. ಮನೆಗೊಂದು ಪೊಟ್ಟಣ ಬೇಡ, ಎಲ್ಲರ ಪರವಾಗಿ ಒಂದು ತಂಬಿಗೆ ಸಾಕು, ಉಳಿದದ್ದನ್ನು ಕಾಯಿಸಿ ಹಂಚೋಣ ಎಂದಾಯಿತು. ಅಭಿಷೇಕದ್ದಕ್ಕೆ ಪಾರ್ಕಿನ ಎತ್ತರದ ಬದಿಯಲ್ಲಿ, ಕಾಲುವೆಯಿಂದ ದೂರ, ಒಂದು ಗುಂಡಿ ತೋಡಿ ಒಣ ಎಲೆ ತುಂಬಿ ಬೇಲಿ ಹಾಕುವುದು. ಮನೆಯ ಅಡುಗೆ ಮಿಕ್ಕರೆ ಹಸಿಕಸದ ಗಾಡಿಗೆ. ಲಾನಿನ ಅಂಚನ್ನು ಬೆಳೆಯಲು ಬಿಡುವುದು, ಮಳೆಗಾಲದಲ್ಲಿ ಗೊಬ್ಬರ ಹಾಕದಿರುವುದು, ಕತ್ತರಿಸಿದ ಹುಲ್ಲನ್ನು ಅಲ್ಲೇ ಬಿಡುವುದು, ಇವನ್ನು ನಾನು ಬರೆದುಕೊಟ್ಟೆ. ಎಲ್ಲ ಮುಗಿದು ಜನ ಏಳುವಾಗ ಕಾರ್ಯದರ್ಶಿ, "ಮಾಲಿ ವಿಷ್ಯ ಇರ್ಲಿ ಬಿಡಿ. ಸದ್ಯಕ್ಕೆ ಬದ್ಲಾಯಿಸ್ಬೇಡಿ ಅಂತ ಕಂಟ್ರಾಕ್ಟರಿಗೆ ಹೇಳ್ತೀನಿ," ಎಂದರು. ಮಾಲಿ ಮಂಟಪದ ಹೊರಗೆ ನಿಂತಿದ್ದರು. ಅವರ ಕಡೆ ತಿರುಗಿ ಯಾರೂ ಏನೂ ಹೇಳಲಿಲ್ಲ.

ಗುಂಡಿ ತೋಡಿದ್ದೂ ಅವರೇ.

ಅದಾದ ಎರಡನೆಯ ಸೋಮವಾರ ಒಂಬತ್ತಕ್ಕೆ ನನ್ನ ಬಾಟಲಿಯಲ್ಲಿ ಕೂತ ಗಸಿ ತೆಳು ಕಂದು. ಮೂರನೆಯ ಸೋಮವಾರ ಯಾರದೋ ಮನೆಯ ಗೃಹಪ್ರವೇಶದ ಅನ್ನ ಲಾನಿನ ಮೇಲಿತ್ತು, ಮತ್ತೆ ಮಾಸಲು. ನಾಲ್ಕನೆಯದು ಕಂದು. ಕೆರೆ ಹಸಿರಾಗಿಯೇ ಇತ್ತು. ದೊಡ್ಡ ಕಾಲುವೆಗಳ ಮುಂದೆ ನನ್ನದು ಒಂದು ದಾರದಷ್ಟು. ಅದೊಂದು ಸರಿಯಾದರೆ ಮೀನಿಗೆ ಗೊತ್ತಾಗುವಷ್ಟೇನೂ ಇಲ್ಲ. ಹಾಳೆಯಲ್ಲಿ ಬಣ್ಣ ಬರೆದುಕೊಂಡೆ, ಬಾಟಲಿಗಳನ್ನು ಪೆಟ್ಟಿಗೆಯಲ್ಲಿ ಜೋಡಿಸಿದೆ. ಸಂತೋಷಕ್ಕಿಂತ ಸುಸ್ತು ಹೆಚ್ಚಿತ್ತು.

ಅಂದು ಹೊರಡುವಾಗ ಮಾಲಿ ಕರೆದರು. ಪಂಪಿನ ಕೋಣೆಯ ಮೆಟ್ಟಿಲ ಮೇಲೆ ಕೂರಿಸಿದರು. ಅವರ ಹೆಂಡತಿ ಚಹಾ ತಂದು ಕೊಟ್ಟು ಒಳಗೆ ಹೋದರು. ಕ್ಷಮೆ ಕೇಳಬೇಕೆಂದು ನಾನು ಎಷ್ಟೋ ದಿನದಿಂದ ಅಂದುಕೊಂಡಿದ್ದೆ. ಕೇಳಿದೆ. ಅವರು ಅದನ್ನು ಬೇಡವೆನ್ನಲೂ ಇಲ್ಲ, ಆಯಿತು ಎನ್ನಲೂ ಇಲ್ಲ.

"ಅವತ್ತು ಮೀಟಿಂಗಿನ್ಯಾಗ ಓದಿದ್ರಲ್ರಿ, ಆ ಕಾಗದ. ಅದು ನನಗೊಂದು ಬೇಕ್ರಿ."

"ಯಾಕೆ, ಮತ್ತೆ ಏನಾದ್ರೂ ಅಂದ್ರಾ?"

"ಇಲ್ರಿ. ಇಲ್ಲಿ ಸದ್ಯಕ್ಕ ಅಂದಾರ. ನಾಳಿ ಕೆಂಗೇರಿಗೋ ಮತ್ತೆಲ್ಲಿಗೋ ಕೆಲ್ಸಕ್ಕ ಹೋದ್ರ ಅಲ್ಲೂ ಈ ಮಂದಿಯ ಬೀಗರು, ಗೆಳೆಯರು ಇರ್ತಾರ. ಗೊಬ್ಬರ ಹಾಕಿ ಕೆರಿ ಕೆಡಿಸಿದಾಂವ ಅಂತಾರ."

"ಅದು ತಪ್ಪು ಅಂತ ಎಲ್ಲರ ಮುಂದೆ ಓದಿದೀನಲ್ಲ."

"ಓದಿದ್ರಿ. ಇಪ್ಪತ್ತು ಮಂದಿ ಕೇಳಿದ್ರು. ಮೊದಲಿನ ಕಾಗದ ಎಲ್ಲಾರ ಮೊಬೈಲ್‍ನ್ಯಾಗ ಐತಿ. ಎರಡನೇದು ನನ್ನ ಕಿಸೆದಾಗರೆ ಇರ್ಲಿ."

ನನ್ನ ಹತ್ತಿರ ಪ್ರತಿ ಇರಲಿಲ್ಲ. ನೀರಿನ ಹಾಳೆಗಳ ಕಟ್ಟಿನಿಂದ ಒಂದು ಖಾಲಿ ಹಾಳೆ ತೆಗೆದು, ಮಂಡಿಯ ಮೇಲೆ ಇಟ್ಟುಕೊಂಡು ಮೊದಲಿನಿಂದ ಬರೆಯತೊಡಗಿದೆ. ಅವರು ಪಕ್ಕದಲ್ಲಿ ಕುಳಿತು ಒಂದೊಂದು ಸಾಲನ್ನೂ ನನ್ನ ಕೈಯ ಹಿಂದೆಯೇ ಓದುತ್ತಿದ್ದರು. 'ಮಾಲಿ' ಎಂದು ಬರೆದಲ್ಲಿ ಬೆರಳಿಟ್ಟು ನಿಲ್ಲಿಸಿದರು.

"ಇಲ್ಲಿ ಹೆಸರು ಬರೀರಿ," ಎಂದರು.

ಎರಡು ತಿಂಗಳಿಂದ ಪ್ರತಿ ವಾರ ನೋಡುತ್ತಿದ್ದೆ. ಹೆಸರೇನು ಎಂದು ಅವರನ್ನು ಕೇಳಿದೆ.